ಬೆಡ್‌ಶೀಟಿಗೆ ಸಿಕ್ಕಿದ ನಡುಬೆರಳು

ಕೈಗೆ ಏನಾಯಿತು ಅಂತ ಯಾರಾದರೂ ಕೇಳಿದರೆ ಮೊದಮೊದಲು ಹೇಳುವುದಕ್ಕೇ ನಾಚಿಕೆ ಆಗುತ್ತಿತ್ತು. ಬಿದ್ದಿರಲಿಲ್ಲ, ಗಾಡಿ ಗುದ್ದಿರಲಿಲ್ಲ. ಬೆಡ್‌ಶೀಟಿನ ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸುತ್ತಿದ್ದೆ, ಅಷ್ಟೇ. ಭಾರದ ಹತ್ತಿ ಹಾಸಿಗೆ. ಎಡಗೈಯ ನಡುಬೆರಳು ಮಡಚಿಕೊಂಡು ಒಳಗೆ ಹೋಯಿತು, ಟಕ್ ಅಂತ ಸಣ್ಣ ಸದ್ದು. ನೋವು ಅಂಥದ್ದೇನಿಲ್ಲ. ಕೈ ಹೊರಗೆ ತೆಗೆದು ನೋಡಿದರೆ ಬೆರಳಿನ ತುದಿ ಬಾಡಿದ ಹುರುಳಿಕಾಯಿಯ ಹಾಗೆ ಜೋತುಬಿದ್ದಿದೆ. ಬಲಗೈಯಿಂದ ಎತ್ತಿದರೆ ನೆಟ್ಟಗಾಗುತ್ತದೆ, ಬಿಟ್ಟರೆ ಮತ್ತೆ ಕೆಳಗೆ.

ನಾನು 45 ವರ್ಷದಿಂದ ವೀಣೆ ನುಡಿಸುತ್ತಿದ್ದೇನೆ. ಮೈಸೂರಿನಲ್ಲಿ ಮನೆಯಲ್ಲೇ ಪಾಠ ಹೇಳುತ್ತೇನೆ. ವೀಣೆಗೆ ಏಳು ತಂತಿ, 24 ಮೆಟ್ಟಿಲು, ಅಂದರೆ ಸ್ವರಕ್ಕಾಗಿ ತಂತಿ ಒತ್ತುವ ಅಡ್ಡಕಡ್ಡಿಗಳು. ಅಷ್ಟು ದೊಡ್ಡ ವಾದ್ಯವನ್ನು ಎಡಗೈಯ ಎರಡೇ ಬೆರಳು ಓಡಾಡಿಕೊಂಡು ನೋಡಿಕೊಳ್ಳಬೇಕು: ತೋರುಬೆರಳು, ನಡುಬೆರಳು. ಮಿಕ್ಕವರು ಸುಮ್ನೆ ಜೊತೆಗೆ ಬರುವ ನೆಂಟರು. ನನಗೆ ಕೈಕೊಟ್ಟಿದ್ದು ದುಡಿಯುವ ಇಬ್ಬರಲ್ಲಿ ಒಬ್ಬ.

ನಾಲ್ಕು ದಿನ ಕೊಬ್ಬರಿ ಎಣ್ಣೆ ಹಚ್ಚಿ ನೀವಿದೆ. ಅದು ನನ್ನ ದಡ್ಡತನ. ಐದನೆಯ ದಿನ ಮೂಳೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ ತೆಗೆಸಿದರು, ಮೂಳೆ ಚೂರಾಗಿರಲಿಲ್ಲ. ಇದಕ್ಕೆ ಮ್ಯಾಲೆಟ್ ಫಿಂಗರ್ ಅಂತಾರಂತೆ. ಬೆರಳಿನ ತುದಿಯನ್ನು ಮೇಲೆತ್ತುವ ತೆಳು ಪಟ್ಟಿ, ಟೆಂಡನ್, ಕೊನೆಯ ಗೆಣ್ಣಿನ ಹತ್ತಿರ ಕಿತ್ತುಹೋಗಿತ್ತು. ಆಪರೇಷನ್ ಬೇಡ, ತುದಿ ಬಗ್ಗದ ಹಾಗೆ ಪ್ಲಾಸ್ಟಿಕ್ ಪಟ್ಟಿ ಹಾಕಿ ಆರು ವಾರ ಬಿಟ್ಟರೆ ತಾನೇ ಕೂಡಿಕೊಳ್ಳುತ್ತದೆ ಅಂದರು. ಶರತ್ತು ಒಂದೇ. ಹಗಲು ರಾತ್ರಿ, ಒಂದು ಸಲವೂ ಆ ಗೆಣ್ಣು ಬಗ್ಗಬಾರದು. ಬಗ್ಗಿದರೆ ಎಣಿಕೆ ಮತ್ತೆ ಒಂದನೆಯ ದಿನದಿಂದ.

ನನಗೆ ತಕ್ಷಣ ಅರ್ಥವಾಯಿತು. ವೀಣೆಗೆ ಹೊಸದಾಗಿ ಮೇಣ ಹಾಕಿಸಿ ಮೆಟ್ಟಿಲು ಕೂರಿಸಿದಾಗ ಗಟ್ಟಿಯಾಗುವವರೆಗೆ ಮುಟ್ಟುವ ಹಾಗಿಲ್ಲ, ಅಲ್ವಾ? ಮುಟ್ಟಿದರೆ ಸ್ವರ ಜರುಗುತ್ತದೆ. ಅರ್ಥವಾದರೂ ಪಾಲಿಸಲಿಲ್ಲ ಅನ್ನುವುದು ಬೇರೆ ಮಾತು.

ಪಟ್ಟಿಯ ಒಳಗೆ ನೀರು ಸೇರಿದರೆ ಚರ್ಮ ನೆನೆದ ಅವಲಕ್ಕಿಯಂತೆ ಬೆಳ್ಳಗಾಗುತ್ತದೆ. ಆದ್ದರಿಂದ ದಿನಕ್ಕೊಮ್ಮೆ ತೆಗೆದು ಒರೆಸಬೇಕು. ಅದಕ್ಕೊಂದು ಕ್ರಮ ಇತ್ತು. ಅಂಗೈ ಕೆಳಗೆ ಮಾಡಿ ಬೆರಳನ್ನು ಊಟದ ಮೇಜಿನ ಮೇಲೆ ಚಪ್ಪಟೆಯಾಗಿ ಇಡುವುದು, ಪಟ್ಟಿಯನ್ನು ಮುಂದಕ್ಕೆ ಜಾರಿಸಿ ತೆಗೆಯುವುದು. ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡಿಸಿ, ಮತ್ತೆ ತೂರಿಸುವುದು. ಅಷ್ಟು ಹೊತ್ತೂ ನಮ್ಮನೆಯವರು ತುದಿಯ ಕೆಳಗೆ ತಮ್ಮ ಬೆರಳು ಕೊಟ್ಟು ಕೂರುತ್ತಿದ್ದರು, ಪೇಪರ್ ಓದಿಕೊಂಡು. ಸ್ನಾನಕ್ಕೆ ಹಾಲಿನ ಕವರು, ರಬ್ಬರ್ ಬ್ಯಾಂಡು. ಚಪಾತಿ ಹಿಟ್ಟು ನಾದುವುದರಿಂದ ಬಿಡುಗಡೆ ಸಿಕ್ಕಿತು. ಅದೊಂದು ಲಾಭ.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಐದು ಗಂಟೆಗೆ ಎಚ್ಚರವಾಯಿತು. ತೋಡಿ ರಾಗದ ಗಾಂಧಾರ ಸ್ವರ ತಲೆಯಲ್ಲಿ ಸುತ್ತುತ್ತಿತ್ತು. ವೀಣೆಯಲ್ಲಿ ಅದನ್ನು ಅದರ ಮೆಟ್ಟಿಲಿನಲ್ಲಿ ಸುಮ್ನೆ ಒತ್ತಿದರೆ ತೋಡಿ ಆಗುವುದಿಲ್ಲ, ಅದರ ಕೆಳಗಿನ ಸ್ವರ ರಿಷಭದ ಮೆಟ್ಟಿಲಿನಲ್ಲಿ ತಂತಿ ಎಳೆದು ತೂಗಿ ತರಬೇಕು. ಒಂದೇ ಸಲ ನುಡಿಸಿ ನೋಡೋಣ, ಬೆರಳು ನೆಟ್ಟಗೇ ಇಟ್ಟುಕೊಳ್ಳುತ್ತೇನೆ ಅಂತ ಪಟ್ಟಿ ತೆಗೆದೆ. ತಂತಿಯ ಮೇಲೆ ಇಟ್ಟ ತಕ್ಷಣ ಬೆರಳು ತಾನಾಗಿಯೇ ಬಗ್ಗಿತು. ನಾನು ಬಗ್ಗಿಸಲಿಲ್ಲ, 45 ವರ್ಷದ ಅಭ್ಯಾಸ ಬಗ್ಗಿಸಿತು. ಕೈ ಎತ್ತಿದರೆ ತುದಿ ಮತ್ತೆ ಜೋತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಕಿದ್ದ ಹತ್ತೊಂಬತ್ತು ಗೀಟುಗಳನ್ನೂ ಹೊಡೆದುಹಾಕಿ ಒಂದರಿಂದ ಶುರುಮಾಡಿದೆ. ಆವತ್ತು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಬುದ್ಧಿ ಬಂತು. ಡಾಕ್ಟರನ್ನು ಕೇಳಿ, ಪಟ್ಟಿ ಹಾಕಿಕೊಂಡೇ ತೋರುಬೆರಳೊಂದರಲ್ಲಿ ಮಕ್ಕಳ ಮೊದಲ ಪಾಠವಾದ ಸರಳೆ ವರಿಸೆ ಹಿಡಿದೆ. ಒಂದನೆಯ ಕಾಲ, ಅಂದರೆ ನಿಧಾನದ ವೇಗ ಮಾತ್ರ. ಮೇಲಿನ ಕಾಲಕ್ಕೆ ಹೋದರೆ ಒಂಟಿ ಬೆರಳು ಬಸ್ಸು ತಪ್ಪಿದವರ ಹಾಗೆ ಓಡುತ್ತಿತ್ತು. ಪಟ್ಟಿಯ ಅಂಚು ಪಕ್ಕದ ಪಂಚಮದ ತಂತಿಗೆ ತಾಗಿ ಟಣ್ ಅನ್ನುತ್ತಿತ್ತು. ಮೊದಲ ವಾರ ಹುಮ್ಮಸ್ಸಿನಲ್ಲಿ ಜಾಸ್ತಿ ನುಡಿಸಿದೆ. ಇಬ್ಬರು ಸೇರಿ ಎಳೆಯುತ್ತಿದ್ದ ತಂತಿಯನ್ನು ಒಬ್ಬನೇ ಎಳೆದು ಮಣಿಕಟ್ಟು ಹಿಡಿದುಕೊಂಡಿತು. ಆಮೇಲೆ ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ, ಎಳೆತ ಇಲ್ಲದೆ ಬರೀ ಜಾರು, ತಂತಿಯುದ್ದಕ್ಕೂ ಬೆರಳು ಸರಿಸುವುದು. ಕೈಗೆ ಪೆಟ್ಟಾದ ವಾದಕರಿಗೆ ನಾನು ಹೇಳುವುದಿದ್ದರೆ ಇದನ್ನೇ: ಚೆನ್ನಾಗಿರುವ ಬೆರಳನ್ನು ಕಾಯಿರಿ. ಎರಡನೆಯ ಪೆಟ್ಟು ಅಲ್ಲೇ ಕಾದಿರುತ್ತದೆ.

ಪಾಠ ನಿಲ್ಲಿಸಲಿಲ್ಲ. ನುಡಿಸಿ ತೋರಿಸುವ ದಾರಿ ಮುಚ್ಚಿತ್ತು, ಎಲ್ಲವನ್ನೂ ಹಾಡಿ ಹೇಳಬೇಕಾಯಿತು. ಎಷ್ಟೋ ಜಾಗದಲ್ಲಿ ನನಗೇ ಗೊತ್ತಿರಲಿಲ್ಲ ನಾನೇನು ಮಾಡುತ್ತಿದ್ದೆ ಅಂತ. ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ.

ಗಿಟಾರ್ ನುಡಿಸುವ ನನ್ನ ಅಕ್ಕನ ಮಗ ಧೈರ್ಯ ಹೇಳಲು ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಕತೆ ತಂದ. 1928ರಲ್ಲಿ ಅವನು ವಾಸವಿದ್ದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಮುರುಟಿಕೊಂಡವು. ಆಮೇಲೆ ಹೆಚ್ಚಾಗಿ ಎರಡೇ ಬೆರಳಲ್ಲಿ ನುಡಿಸಿ ಯೂರೋಪಿನಲ್ಲೆಲ್ಲ ಹೆಸರು ಮಾಡಿದ. "ನೋಡಿ ಚಿಕ್ಕಮ್ಮ, ಎರಡೇ ಬೆರಳು!" ಅಂದ. "ನಮಗೆ ಇರೋದೇ ಎರಡು ಕಣೋ, ಅದರಲ್ಲಿ ಒಂದು ಹೋಗಿದೆ" ಅಂದೆ. ಇಬ್ಬರೂ ನಕ್ಕೆವು. ರೆಕಾರ್ಡಿಂಗ್ ಮಾತ್ರ ರಾತ್ರಿಯೆಲ್ಲಾ ಕೇಳಿದೆ.

ಒಟ್ಟು 61 ದಿನಕ್ಕೆ ಹಗಲಿನ ಪಟ್ಟಿ ಹೋಯಿತು, ರಾತ್ರಿಯದು ಇನ್ನೊಂದು ತಿಂಗಳು. ಬೆರಳಿನ ತುದಿ ನೋಡಿ ಬೇಜಾರಾಯಿತು. ತಂತಿ ಕೊರೆದು ಕೊರೆದು ಆಗಿದ್ದ ಗೆರೆ ಮಾಸಿಹೋಗಿತ್ತು. ಮಗುವಿನ ಬೆರಳಿನ ಹಾಗೆ ಮೆತ್ತಗೆ. ಚಿಕ್ಕಂದಿನಿಂದ ಆ ಗೆರೆ ಇಲ್ಲದ ನನ್ನ ಬೆರಳನ್ನು ನಾನು ನೋಡಿಯೇ ಇರಲಿಲ್ಲ. ಅಡುಗೆಮನೆ ಟೈಮರ್ ಇಟ್ಟುಕೊಂಡು ಐದು ನಿಮಿಷದಿಂದ ಶುರುಮಾಡಿದೆ. ತಂತಿ ಬಿಗಿ ಕಡಿಮೆಯಾಗಲಿ ಅಂತ ಶ್ರುತಿಯನ್ನು ಒಂದು ಮನೆ, ಅಂದರೆ ಒಂದು ಮೆಟ್ಟಿಲಿನಷ್ಟು ಇಳಿಸಿದೆ. ಬೆರಳಿಗೆ ಹಾಯಾಯಿತು, ಆದರೆ ಸಡಿಲ ತಂತಿಯಲ್ಲಿ ಮೊದಲಿನಷ್ಟೇ ಎಳೆದರೆ ಸ್ವರ ಜಾಸ್ತಿ ಮೇಲೆ ಹೋಗಿಬಿಡುತ್ತದೆ. ನನ್ನ ಗಾಂಧಾರ ದಿನಾ ಮುಂದಿನ ಸ್ವರ ಮಧ್ಯಮವನ್ನೂ ದಾಟಿ ಪಕ್ಕದ ಮನೆಗೆ ಹೋಗುತ್ತಿತ್ತು. ಅದನ್ನು ಹಿಡಿದು ತರುವುದಕ್ಕೆ ಹದಿನೈದು ದಿನ ಬೇಕಾಯಿತು. ಆಮೇಲೆ ಶ್ರುತಿ ವಾಪಸ್ ಏರಿಸಿದಾಗ ಇನ್ನೊಂದು ವಾರ.

ಬೆರಳು ಪೂರ್ತಿ ನೆಟ್ಟಗಾಗಿಲ್ಲ. ತುದಿ ಸ್ವಲ್ಪ ಬಾಗಿಯೇ ಇರುತ್ತದೆ. ಅದಕ್ಕೆ ಸರಿಯಾಗಿ ಮಣಿಕಟ್ಟನ್ನು ಒಂಚೂರು ಎತ್ತಿ ನುಡಿಸುತ್ತೇನೆ, ಕೇಳುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಹೋದ ತಿಂಗಳು ಹೊಸದಾಗಿ ಸೇರಿದ ಒಂಬತ್ತು ವರ್ಷದ ಹುಡುಗಿಯ ಎಡಗೈ ನೋಡಿದೆ. ನಡುಬೆರಳಿನ ತುದಿ ಬಾಗಿಸಿಕೊಂಡು, ಮಣಿಕಟ್ಟು ಎತ್ತಿಕೊಂಡು, ಬಹಳ ಶ್ರದ್ಧೆಯಿಂದ ಜಂಟಿ ವರಿಸೆ ನುಡಿಸುತ್ತಿದ್ದಾಳೆ. "ಯಾಕೆ ಹಾಗೆ ಹಿಡಿದಿದ್ದೀಯೇ?" ಅಂದೆ. "ನೀವು ಹಾಗೇ ಅಲ್ವಾ ಮಿಸ್ ಹಿಡಿಯೋದು" ಅಂದಳು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಬೆಡ್‌ಶೀಟಿನ ಕತೆ ಮೊದಲಿಂದ ಹೇಳಿದೆ.