ಬೆಕ್ಕಿನ ಚಿಗಟ: ಮೈಗಿಂತ ಮನೆಯಲ್ಲೇ ಹೆಚ್ಚು

ಬೆಕ್ಕು ಪದೇ ಪದೇ ಕತ್ತನ್ನೂ ಬಾಲದ ಬುಡವನ್ನೂ ಕೆರೆದುಕೊಳ್ಳುತ್ತಿದ್ದರೆ, ಔಷಧಿಗೆ ಓಡುವ ಮೊದಲು ಅದು ಚಿಗಟವೇ ಎಂದು ಖಚಿತಪಡಿಸಿಕೊಳ್ಳಬೇಕು. ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಬೆಕ್ಕನ್ನು ನಿಲ್ಲಿಸಿ, ಹೇನು ತೆಗೆಯುವ ಸೀರಣಿಗೆಯಿಂದ ಬೆನ್ನುದ್ದಕ್ಕೂ ಬಾಚಿ. ಬಟ್ಟೆಗೆ ಉದುರಿದ ಕಪ್ಪು ಪುಡಿಯ ಸುತ್ತ ಸ್ವಲ್ಪ ಹೊತ್ತಿನಲ್ಲೇ ಕೆಂಪು ಮಿಶ್ರಿತ ಕಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಬೆಕ್ಕಿನ ರಕ್ತ ಕುಡಿದ ಚಿಗಟದ ಹಿಕ್ಕೆ. ಬಾಚಣಿಗೆಗೆ ಸಿಕ್ಕ ಚಿಗಟಗಳನ್ನು ಸೋಪಿನ ನೀರಿಗೆ ಅದ್ದಿದರೆ ಮುಳುಗಿ ಸಾಯುತ್ತವೆ.

ಕಣ್ಣಿಗೆ ಕಾಣುವ ಈ ಚಿಗಟಗಳು ಒಟ್ಟು ಸಂತಾನದ ಸುಮಾರು ಶೇ. 5 ಮಾತ್ರ, ಉಳಿದದ್ದು ಮೊಟ್ಟೆ, ಮರಿಹುಳು ಮತ್ತು ಕೋಶಗಳ (ಮರಿಹುಳು ಚಿಗಟವಾಗುವ ಮುನ್ನ ತನ್ನ ಸುತ್ತ ಹೆಣೆದುಕೊಳ್ಳುವ ಗೂಡು) ರೂಪದಲ್ಲಿ ಮನೆಯೊಳಗೇ ಇರುತ್ತದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆಗಳವರೆಗೆ ಇಡಬಲ್ಲದು, ಅವು ಅಂಟದೆ ಬೆಕ್ಕು ಹೋದಲ್ಲೆಲ್ಲ ಉದುರುತ್ತವೆ. ಆದ್ದರಿಂದ ಬೆಕ್ಕಿಗೆ ಔಷಧಿ ಹಾಕಿ ಮನೆಯನ್ನು ಮರೆತರೆ ಪ್ರಯೋಜನವಿಲ್ಲ, ಮನೆ ತೊಳೆದು ಬೆಕ್ಕನ್ನು ಬಿಟ್ಟರೂ ಅಷ್ಟೇ. ಎರಡೂ ಒಂದೇ ದಿನ ಆರಂಭವಾಗಬೇಕು.

ಮರಿಹುಳುಗಳಿಗೆ ಬೆಳಕು ಆಗದು. ಮೈಸೂರಿನ ಹಳೆಯ ಮನೆಗಳಲ್ಲಿ ಬಿರುಕು ಬಿಟ್ಟ ರೆಡ್ ಆಕ್ಸೈಡ್ ನೆಲ, ಮಂಚದ ಅಡಿ, ಅಟ್ಟದ ಮೇಲಿನ ಹಳೆಯ ಹಾಸಿಗೆ, ಮಂಡ್ಯದ ಕಡೆಯ ಮನೆಗಳಲ್ಲಿ ಬೆಕ್ಕು ಮಲಗುವ ಗೋಣಿಚೀಲ ಮತ್ತು ಕೊಟ್ಟಿಗೆಯ ಒಣಹುಲ್ಲು, ಇವೇ ಅವುಗಳ ಅಡಗುದಾಣ. ಬೆಕ್ಕು ಹೆಚ್ಚು ಹೊತ್ತು ಮಲಗುವ ಜಾಗದಿಂದಲೇ ಕೆಲಸ ಶುರುಮಾಡಿ. ಅದರ ಹಾಸನ್ನು ವಾರಕ್ಕೊಮ್ಮೆ 60 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿ. ಒಗೆಯಲಾಗದ ಗೋಣಿಯನ್ನು ಇಟ್ಟುಕೊಳ್ಳುವುದಕ್ಕಿಂತ ಎಸೆಯುವುದು ಮೇಲು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸೋಫಾದ ಸಂದು, ಗೋಡೆಯ ಅಂಚುಗಳ ಧೂಳನ್ನು ಎಳೆದು, ಕಸವನ್ನು ಕೂಡಲೇ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೊರಗೆ ಹಾಕಿ. ಇಲ್ಲದವರು ದಿನವೂ ಗುಡಿಸಿ, ಬಿರುಕುಗಳನ್ನು ಬ್ರಷ್‌ನಿಂದ ಉಜ್ಜಿ ತೊಳೆಯಬಹುದು.

ಬೆಕ್ಕಿನ ಔಷಧಿಯ ವಿಷಯದಲ್ಲಿ ಅತಿ ಎಚ್ಚರ ಬೇಕು. ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಇರುವ, ಬೆಕ್ಕಿಗೆಂದೇ ತಯಾರಾದ ಹನಿ ಔಷಧಿಯನ್ನು ಪಶುವೈದ್ಯರು ತೂಕ ನೋಡಿ ಸೂಚಿಸುತ್ತಾರೆ. ಕತ್ತಿನ ಹಿಂಭಾಗದಲ್ಲಿ, ಬೆಕ್ಕಿನ ನಾಲಿಗೆ ಎಟುಕದ ಕಡೆ, ಕೂದಲನ್ನು ಎರಡು ಬದಿಗೆ ಸರಿಸಿ ನೇರ ಚರ್ಮದ ಮೇಲೆ ಹನಿಸಬೇಕು. ಕೂದಲ ಮೇಲೆ ಬಿದ್ದ ಔಷಧಿ ವ್ಯರ್ಥ. ಮನೆಯ ಎಲ್ಲ ಬೆಕ್ಕು, ನಾಯಿಗಳಿಗೂ ಅದೇ ದಿನ, ಅವುಗಳಿಗೆ ತಕ್ಕ ಔಷಧಿ ಆಗಬೇಕು. ನಾಯಿಯ ಔಷಧಿ ಉಳಿದಿದೆಯೆಂದು ಬೆಕ್ಕಿಗೆ ಎಂದೂ ಹಾಕಬೇಡಿ. ಅಂತಹ ಹಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಅನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು; ನಡುಕ, ಸೆಳವು ಬಂದು ಬೆಕ್ಕು ಸಾಯಬಹುದು. ಸೀಮೆಎಣ್ಣೆ, ಫಿನಾಯಿಲ್, ಕರ್ಪೂರ, ನುಸಿಗುಳಿಗೆ ಇವೂ ಬೆಕ್ಕಿಗೆ ವಿಷವೇ. ಬೇವಿನ ಎಣ್ಣೆಯನ್ನು ಒಳ್ಳೆಯದೆಂದು ನಂಬಿ ಹಚ್ಚುವವರೂ ಇದ್ದಾರೆ, ಆದರೆ ಬೆಕ್ಕು ಸದಾ ಮೈ ನೆಕ್ಕುವ ಪ್ರಾಣಿಯಾದ್ದರಿಂದ ಹಚ್ಚಿದ್ದೆಲ್ಲ ಅದರ ಹೊಟ್ಟೆ ಸೇರುತ್ತದೆ.

ಎರಡು ವಾರವಾದರೂ ಚಿಗಟ ಕಾಣುತ್ತಿದ್ದರೆ ಔಷಧಿ ಕೆಲಸ ಮಾಡಲಿಲ್ಲವೆಂದು ಕೈಬಿಡಬೇಡಿ. ಕೋಶದೊಳಗಿನ ಚಿಗಟಕ್ಕೆ ಕೀಟನಾಶಕ ತಗಲುವುದಿಲ್ಲ. ಅದು ತಿಂಗಳುಗಟ್ಟಲೆ ಸುಮ್ಮನಿದ್ದು, ನಡೆದಾಟದ ಕಂಪನ, ಮೈಯ ಬಿಸಿ ಅಥವಾ ಉಸಿರಿನ ಸುಳಿವು ಸಿಕ್ಕೊಡನೆ ಹೊರಬರುತ್ತದೆ. ಬಹುದಿನ ಬೀಗ ಹಾಕಿದ್ದ ಮನೆಗೆ ಕಾಲಿಟ್ಟೊಡನೆ ಕಾಲಿಗೆ ಕಚ್ಚುವುದು ಇದರಿಂದಲೇ. ಹಾಗಾಗಿ ಔಷಧಿಯನ್ನು ವೈದ್ಯರು ಹೇಳಿದ ಅಂತರದಲ್ಲಿ ಕನಿಷ್ಠ ಮೂರು ತಿಂಗಳು ಮುಂದುವರಿಸಬೇಕು. ನಮ್ಮ ಕಡೆ ಚಿಗಟವನ್ನು ಅಡಗಿಸುವಂತಹ ಚಳಿ ಬೀಳುವುದಿಲ್ಲ, ಮಳೆಗಾಲದ ತೇವವಂತೂ ಅದಕ್ಕೆ ಬಹಳ ಹಿತ.

ಎಂಟು ವಾರ ತುಂಬದ ಮರಿಗಳಿಗೆ ವೈದ್ಯರನ್ನು ಕೇಳದೆ ಯಾವ ಹನಿ ಔಷಧಿಯೂ ಬೇಡ. ದಿನಕ್ಕೆರಡು ಬಾರಿ ಬಾಚಿ. ಚಿಗಟ ಹೆಚ್ಚಾದರೆ ಮರಿಗೆ ರಕ್ತಹೀನತೆ ಬರುತ್ತದೆ. ಒಸಡು ಬಿಳಿಚಿಕೊಂಡು ಮರಿ ಮಂಕಾಗಿದ್ದರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಿರಿ. ಬೆಕ್ಕಿನ ಗುದದ ಬಳಿ ಅಕ್ಕಿಕಾಳಿನ ಗಾತ್ರದ ಬಿಳಿ ತುಣುಕುಗಳು ಕಂಡರೆ, ಮೈ ನೆಕ್ಕುವಾಗ ನುಂಗಿದ ಚಿಗಟದಿಂದ ಲಾಡಿಹುಳು ಸೇರಿದೆ ಎಂದರ್ಥ. ಅದಕ್ಕೆ ಜಂತುಹುಳುವಿನ ಮಾತ್ರೆಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.