ಸಿಎಸ್‌ಆರ್ ಹಣದಲ್ಲಿ ಊರಿಗೆ ಶುದ್ಧ ನೀರಿನ ಘಟಕ: ಅರ್ಜಿಯಿಂದ ಮೂರನೇ ವರ್ಷದ ಮೆಂಬ್ರೇನ್‌ವರೆಗೆ

ಪಾವಗಡ, ಬಾಗೇಪಲ್ಲಿ, ಕೊಪ್ಪಳದ ಕಡೆ ಕೊಳವೆಬಾವಿಯ ನೀರಲ್ಲಿ ಫ್ಲೋರೈಡ್ ಇರುವ ಊರುಗಳು ಬಹಳ. ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಹಾಕಿಸಲು ಕಂಪನಿಗಳ ಸಿಎಸ್‌ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ) ಹಣ ಒಳ್ಳೆಯ ದಾರಿ. ಹಾಕಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಮೂರನೇ ವರ್ಷ ಮೆಂಬ್ರೇನ್ (ನೀರನ್ನು ಸೋಸುವ ತೆಳು ಪೊರೆ) ಬದಲಿಸುವ ಹೊತ್ತಿಗೆ ದುಡ್ಡಿಲ್ಲದಿದ್ದರೆ ಘಟಕಕ್ಕೆ ಬೀಗ ಬೀಳುತ್ತದೆ. ಆದ್ದರಿಂದ ಕಟ್ಟಡದ ನಕ್ಷೆಗಿಂತ ಮೊದಲು ನಿರ್ವಹಣೆಯ ಲೆಕ್ಕ ಬರೆಯಿರಿ.

ಅದಕ್ಕೂ ಮೊದಲು ನೀರು ಪರೀಕ್ಷೆ. ಪಂಪನ್ನು ಹತ್ತು-ಹದಿನೈದು ನಿಮಿಷ ಓಡಿಸಿ, ಆಮೇಲೆ ಮಾದರಿ ಹಿಡಿಯಿರಿ. ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿಯೇ ಬೇಕು, ಗಾಜಿನದು ಬೇಡ. ಬ್ಯಾಕ್ಟೀರಿಯಾ ಪರೀಕ್ಷೆಯ ಮಾದರಿಯನ್ನು ಪ್ರಯೋಗಾಲಯದಿಂದ ತಂದ ಕ್ರಿಮಿರಹಿತ ಬಾಟಲಿಯಲ್ಲಿ ಹಿಡಿದು, ಐಸ್ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಿ. ಮೇ ತಿಂಗಳಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷಿಸಿದರೆ ನೀರಿನ ನಿಜಸ್ಥಿತಿ ಗೊತ್ತಾಗುತ್ತದೆ. ಭಾರತೀಯ ಮಾನಕ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಟ್ಟ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ವಿನಾಯಿತಿ. ನೈಟ್ರೇಟಿಗೆ ಮಿತಿ 45. ಟಿಡಿಎಸ್ ಪೆನ್ನನ್ನು ನಂಬಿ ಮೋಸಹೋಗಬೇಡಿ. ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಹೇಳುತ್ತದೆ. 400 ತೋರಿಸುವ ನೀರಲ್ಲೂ 3 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಕುದಿಸಿದರೂ ಅದು ಹೋಗದು, ನೀರು ಆವಿಯಾದಷ್ಟೂ ಇನ್ನೂ ದಟ್ಟವಾಗುತ್ತದೆ.

ಈಗ ಹಣದ ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್ ಕೆಲಸಗಳಿಗೆ ಖರ್ಚು ಮಾಡಬೇಕು. ಸರಾಸರಿ ಲಾಭ 10 ಕೋಟಿ ಇದ್ದರೆ 20 ಲಕ್ಷ. ಅಂಥ ಕೆಲಸಗಳನ್ನು ಪಟ್ಟಿ ಮಾಡುವ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಆರೋಗ್ಯ, ಶಿಕ್ಷಣದ ಜೊತೆ ಸುರಕ್ಷಿತ ಕುಡಿಯುವ ನೀರೂ ಇದೆ. ತಾನು ಕೆಲಸ ಮಾಡುವ ಪ್ರದೇಶಕ್ಕೆ ಕಂಪನಿ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಬೆಂಗಳೂರಿನ ದೊಡ್ಡ ಹೆಸರುಗಳಿಗೆ ಪತ್ರ ಬರೆಯುವ ಮೊದಲು ನಿಮ್ಮ ತಾಲ್ಲೂಕಿನ ಸೋಲಾರ್, ಸಿಮೆಂಟ್, ಸಕ್ಕರೆ ಕಂಪನಿಗಳ ವಾರ್ಷಿಕ ವರದಿ ತೆರೆದು ಸಿಎಸ್‌ಆರ್ ಅನುಬಂಧ ನೋಡಿ.

ಸ್ವಯಂಸೇವಾ ಸಂಸ್ಥೆಯ ಮೂಲಕ ಹಣ ಬರುವುದಾದರೆ ಆ ಸಂಸ್ಥೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಸಾಮಾನ್ಯ ಟ್ರಸ್ಟ್ ಅಥವಾ ಸೊಸೈಟಿಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿಗಳ ಜೊತೆಗೆ ಮೂರು ವರ್ಷದ ಕೆಲಸದ ದಾಖಲೆಯೂ ಬೇಕು. ಅಂಥ ಸಂಸ್ಥೆ ಹತ್ತಿರದಲ್ಲಿಲ್ಲವೇ? ಕಂಪನಿಯೇ ನೇರವಾಗಿ ಕೆಲಸ ಮಾಡಿಸಿ ಪಂಚಾಯಿತಿಗೆ ಒಪ್ಪಿಸಬಹುದು. ಘಟಕದ ಒಡೆತನವನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ. ಜಾಗದ ದಾಖಲೆ, ಗ್ರಾಮಸಭೆಯ ಠರಾವು, ಪಿಡಿಒ ಸಹಿಯ ನಿರಾಕ್ಷೇಪಣಾ ಪತ್ರ ಕೈಯಲ್ಲಿಟ್ಟುಕೊಂಡೇ ಹೋಗಿ.

ಡಿಸೆಂಬರ್ ಒಳಗೆ ಅರ್ಜಿ ಕೊಟ್ಟರೆ ಮುಂದಿನ ವರ್ಷದ ಯೋಜನೆಗೆ ಸೇರುವ ಅವಕಾಶ ಹೆಚ್ಚು. ಹಣಕಾಸು ವರ್ಷ ಮುಗಿಯುವ ಮಾರ್ಚಿನಲ್ಲಿ ಕಂಪನಿಗಳಿಂದ ಬರುವ ಕರೆಗಳ ಬಗ್ಗೆ ಎಚ್ಚರವಿರಲಿ. ಖರ್ಚಾಗದ ಹಣ ಬೇರೆ ನಿಧಿಗೆ ಹೋಗುತ್ತದೆಂಬ ಅವಸರದಲ್ಲಿ ಯಂತ್ರದ ಹಣವಷ್ಟೇ ಸಿಗುತ್ತದೆ, ನಿರ್ವಹಣೆಗೆ ಪೈಸೆಯೂ ಇರುವುದಿಲ್ಲ. ‘ಚಾಲ್ತಿ ಯೋಜನೆ’ ಎಂದು ಕಂಪನಿಯ ನಿರ್ದೇಶಕ ಮಂಡಳಿಯ ಒಪ್ಪಿಗೆ ಪಡೆದರೆ ಆರಂಭದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು, ಅದನ್ನೇ ಕೇಳಿ. ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿ ಇದೆ ಎಂದು ಆಪರೇಟರ್ ಸಂಬಳವನ್ನು ಕೈಬಿಡುವವರಿದ್ದಾರೆ. ಅದು ತಪ್ಪು ಗ್ರಹಿಕೆ. ಆ ಮಿತಿ ಕಂಪನಿಯ ಸ್ವಂತ ಸಾಮಾನ್ಯ ಆಡಳಿತ ಖರ್ಚಿಗೆ ಮಾತ್ರ, ಯೋಜನೆಯ ನೇರ ಖರ್ಚಿಗಲ್ಲ.

ಅಳತೆ ಹೀಗೆ. 200 ಮನೆ, ಮನೆಗೊಂದು 20 ಲೀಟರ್ ಕ್ಯಾನ್ ಅಂದರೆ ದಿನಕ್ಕೆ 4,000 ಲೀಟರ್. ಗಂಟೆಗೆ 1,000 ಲೀಟರಿನ ಘಟಕ ನಾಲ್ಕು ಗಂಟೆ ಓಡಿದರೆ ಸಾಕು. ಕರೆಂಟ್ ಕೈಕೊಟ್ಟರೂ ಹೊಂದಿಸಿಕೊಳ್ಳಬಹುದು. ಅರ್ಧದಷ್ಟು ನೀರು ತ್ಯಾಜ್ಯವಾಗಿ ಹೋಗುವುದರಿಂದ ಕೊಳವೆಬಾವಿ ಬೇಸಿಗೆಯಲ್ಲೂ 8,000 ಲೀಟರ್ ಕೊಡಬೇಕು. ಲೀಟರಿಗೆ 3 ಮಿಲಿಗ್ರಾಂ ಇದ್ದ ಫ್ಲೋರೈಡ್ ಆ ತ್ಯಾಜ್ಯ ನೀರಲ್ಲಿ 6ರ ಹತ್ತಿರ ಬರುತ್ತದೆ. ದನದ ತೊಟ್ಟಿಗೂ ಕೊಳವೆಬಾವಿಯ ಇಂಗುಗುಂಡಿಗೂ ಅದನ್ನು ಬಿಡಲೇಬೇಡಿ. ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಿ.

ಕ್ಯಾನಿಗೆ 5 ರೂಪಾಯಿ ಇಟ್ಟು, 200ರ ಬದಲು 150 ಕ್ಯಾನ್ ಎಂದೇ ಲೆಕ್ಕ ಹಿಡಿಯಿರಿ. ತಿಂಗಳಿಗೆ 22,500 ರೂಪಾಯಿ. ಅದರಲ್ಲಿ ಕ್ಯಾನಿಗೆ ಒಂದು ರೂಪಾಯಿಯಂತೆ 4,500ನ್ನು ಬೇರೆ ಬ್ಯಾಂಕ್ ಖಾತೆಗೆ ಹಾಕಿ, ವರ್ಷಕ್ಕೆ 54,000. ಎರಡು-ಮೂರು ವರ್ಷಕ್ಕೊಮ್ಮೆ ಬರುವ ಮೆಂಬ್ರೇನ್ ಖರ್ಚು, ಪಂಪ್ ರಿಪೇರಿ ಇದರಿಂದಲೇ ಆಗಬೇಕು. ಈ ಖಾತೆಯ ಷರತ್ತನ್ನು ಕಂಪನಿ, ಸಂಸ್ಥೆ, ಪಂಚಾಯಿತಿ ಮೂವರೂ ಸಹಿ ಹಾಕುವ ಒಪ್ಪಂದದಲ್ಲೇ ಬರೆಸಿ.

ಕೆಡುವುದು ಸಣ್ಣ ಸಂಗತಿಗಳಿಂದ. ಗಡಸು ನೀರಿನ ಊರಲ್ಲಿ ಆ್ಯಂಟಿಸ್ಕೇಲೆಂಟ್ (ಸುಣ್ಣ ಕಟ್ಟದಂತೆ ತಡೆಯುವ ರಾಸಾಯನಿಕ) ಡಬ್ಬ ಖಾಲಿಯಾದರೂ ಘಟಕ ಓಡುತ್ತಲೇ ಇರುತ್ತದೆ, ನೀರೂ ಬರುತ್ತದೆ. ಒಳಗೆ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟುತ್ತಿರುತ್ತದೆ. ಪಂಚಾಯಿತಿ ಟ್ಯಾಂಕಿನ ಕ್ಲೋರಿನ್ ಬೆರೆತ ನೀರನ್ನು ಬಳಸಿದರೆ, ಸವೆದ ಕಾರ್ಬನ್ ಫಿಲ್ಟರ್ ದಾಟಿ ಬಂದ ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ. ಶಾಲೆಯ ಘಟಕವಾದರೆ ಬೇಸಿಗೆ ರಜೆಯಲ್ಲೂ ದಿನಕ್ಕೆ ಅರ್ಧ ಗಂಟೆ ಓಡಿಸಿ. ನಿಂತ ನೀರಿನಲ್ಲಿ ಮೆಂಬ್ರೇನ್ ಪಾಚಿಗಟ್ಟಿದಂತೆ ಲೋಳೆಯಾಗುತ್ತದೆ.

ಆಪರೇಟರ್ ಕೈಗೆ ಒಂದು ನೋಟ್‌ಬುಕ್ ಕೊಡಿ. ದಿನಾ ಬರೆಯಬೇಕಾದದ್ದು ನಾಲ್ಕೇ: ಮೆಂಬ್ರೇನಿಗೆ ಮೊದಲು ಕೊಳೆ ಹಿಡಿಯುವ 5 ಮೈಕ್ರಾನ್ ಕಾರ್ಟ್ರಿಜ್ ಫಿಲ್ಟರ್‌ನ ಹಿಂದಿನ ಮತ್ತು ಮುಂದಿನ ಒತ್ತಡ, ರೋಟಾಮೀಟರಿನಲ್ಲಿ (ಹರಿವು ಅಳೆಯುವ ಸಾಧನ) ಶುದ್ಧ ನೀರಿನ ಹರಿವು, ಅದರ ಟಿಡಿಎಸ್. ಒತ್ತಡದ ವ್ಯತ್ಯಾಸ 1 ಬಾರ್ ಮುಟ್ಟುವ ಮೊದಲೇ ಕಾರ್ಟ್ರಿಜ್ ಬದಲಿಸಿ. ಹರಿವು ಶೇ. 10-15 ಇಳಿದರೆ ಮೆಂಬ್ರೇನ್ ತೊಳೆಯಲು ಮೆಕ್ಯಾನಿಕ್‌ಗೆ ಹೇಳಿ. ಟಿಡಿಎಸ್ ಏಕಾಏಕಿ ಏರಿದರೆ ಸೀಲ್ ಹೋಗಿದೆ ಅಥವಾ ಮೆಂಬ್ರೇನ್ ಹರಿದಿದೆ. ಅವತ್ತು ನೀರು ಕೊಡುವುದನ್ನು ನಿಲ್ಲಿಸಿ, ಫ್ಲೋರೈಡ್ ಪರೀಕ್ಷೆಗೆ ಮಾದರಿ ಕಳಿಸಿ.