ಆರ್ ಫಾರ್ಮುಲಾ: ಓಡಿಸುವ ಮುಂಚೆ ಬಿಚ್ಚಿ ನೋಡಿ

ಓದಲೆಂದೋ ಕೆಲಸಕ್ಕೆಂದೋ ಪುಣೆಗೆ ಬಂದ ಕನ್ನಡಿಗರಿಗೆ ಮೊದಲ ತಲೆಬಿಸಿ ಮನೆ ಬಾಡಿಗೆ. ಅದನ್ನೇ ಉದಾಹರಣೆಗೆ ತಗೊಳ್ಳೋಣ. ಹಡಪ್ಸರ್, ಹಿಂಜವಡಿ, ಕೋಥ್ರೂಡ್ ಮೂರೂ ಕಡೆಯ ಬಾಡಿಗೆ ಲೆಕ್ಕ ನಿಮ್ಮ ಹತ್ತಿರ ಇದೆ. ಬಾಡಿಗೆ ಮನೆಯ ಚದರಡಿ ಮತ್ತು ಏರಿಯಾ ನೋಡಿ ಹೇಗೆ ಬದಲಾಗುತ್ತದೆ ಎಂದು ತಿಳಿಯಲು, ಅಂಕಿಅಂಶ ಲೆಕ್ಕಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಆರ್‌ನಲ್ಲಿ ಹೀಗೊಂದು ಫಾರ್ಮುಲಾ ಬರೆಯುತ್ತೀರಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಇರಲಿ):

ಬಾಡಿಗೆ ~ ಚದರಡಿ * ಏರಿಯಾ

ಇದನ್ನು ನೇರ ಎಲ್‌ಎಂ (ಲೀನಿಯರ್ ಮಾಡೆಲ್ ಲೆಕ್ಕ ಹಾಕುವ) ಫಂಕ್ಷನ್‌ಗೆ ಕೊಟ್ಟರೆ ಉತ್ತರ ಬಂದೇ ಬರುತ್ತದೆ. ನೀವು ಕೇಳಿದ್ದೊಂದು, ಆರ್ ಹಿಡಿದದ್ದೊಂದು ಆದರೂ ಬರುತ್ತದೆ. ಭಯ ಇರುವುದೇ ಅಲ್ಲಿ.

ಮೊದಲು ಫಾರ್ಮುಲಾಗೆ ಎಫ್ ಅಂತ ಹೆಸರಿಡಿ. ಅದರ ಕ್ಲಾಸ್, ಅಂದರೆ ಅದು ಯಾವ ಬಗೆಯದು ಎಂದು ಕೇಳಿ. ‘ಫಾರ್ಮುಲಾ’ ಎಂದು ಬಂದರೆ ಸರಿ. ‘ಕ್ಯಾರೆಕ್ಟರ್’ ಎಂದು ಬಂದರೆ ಅದನ್ನು ಕೋಟ್ ಒಳಗೆ ಬರೆದಿದ್ದೀರಿ.

ಆಮೇಲೆ ಲೆಂಗ್ತ್, ಅಂದರೆ ಎಷ್ಟು ಭಾಗ ಇದೆ ಎಂದು ಕೇಳಿ. 3 ಬರಬೇಕು: ಟಿಲ್ಡೆ (~) ಚಿಹ್ನೆ, ಎಡಭಾಗ, ಬಲಭಾಗ. ಎಡಗಡೆ ಖಾಲಿ ಬಿಟ್ಟಿದ್ದರೆ 2 ಬರುತ್ತದೆ. ಆಗ ಎಫ್[[2]], ಅಂದರೆ ಎಫ್‌ನ ಎರಡನೇ ಭಾಗ ಎಂದರೆ ಬಾಡಿಗೆ ಅಲ್ಲ, ಬಲಭಾಗ! ಸ್ವಂತ ಫಂಕ್ಷನ್ ಬರೆಯುವವರು ಇದನ್ನು ಮರೆಯಬೇಡಿ.

ಮುಖ್ಯವಾದದ್ದು ಟರ್ಮ್ಸ್ ಫಂಕ್ಷನ್; ಫಾರ್ಮುಲಾವನ್ನು ಆರ್ ಹೇಗೆ ಬಿಡಿಸಿಕೊಂಡಿದೆ ಎಂದು ಅದು ತೋರಿಸುತ್ತದೆ. ಎಫ್ ಅನ್ನು ಅದಕ್ಕೆ ಕೊಟ್ಟು, ‘ಟರ್ಮ್ ಡಾಟ್ ಲೇಬಲ್ಸ್’ ನೋಡಿ. ಚದರಡಿ, ಏರಿಯಾ, ಚದರಡಿ:ಏರಿಯಾ ಎಂದು ಮೂರು ಕಾಣುತ್ತವೆ. ಅಂದರೆ ಇಲ್ಲಿ * ಗುಣಾಕಾರ ಅಲ್ಲ. ಎರಡೂ ಬೇಕು, ಒಂದರ ಪರಿಣಾಮ ಇನ್ನೊಂದರ ಜೊತೆ ಹೇಗೆ ಬದಲಾಗುತ್ತದೆ ಅನ್ನುವುದೂ ಬೇಕು ಎಂದರ್ಥ. ಅಲ್ಲೇ ‘ಇಂಟರ್‌ಸೆಪ್ಟ್’ 1 ಇದ್ದರೆ ಸ್ಥಿರಾಂಕ ಇದೆ; ಫಾರ್ಮುಲಾದಲ್ಲಿ - 1 ಸೇರಿಸಿದ್ದರೆ 0 ಆಗುತ್ತದೆ.

ಈಗ ಚದರಡಿ + ಚದರಡಿ^2 ಎಂದು ಬರೆದು ನೋಡಿ. ಲೇಬಲ್‌ನಲ್ಲಿ ಚದರಡಿ ಒಂದೇ ಉಳಿಯುತ್ತದೆ. ವರ್ಗ ಸುಮ್ನೆ ಮಾಯ, ಎಚ್ಚರಿಕೆಯೂ ಇಲ್ಲ! ಅದು ಬೇಕಿದ್ದರೆ ಐ(ಚದರಡಿ^2) ಎಂದು ಐ ಫಂಕ್ಷನ್ ಒಳಗೆ ಇಡಬೇಕು.

ಕೊನೆಗೆ, ಎಲ್‌ಎಂ ಲೆಕ್ಕಕ್ಕೆ ಬಳಸುವ ಸಂಖ್ಯೆಗಳ ಕೋಷ್ಟಕ ತೋರಿಸುವ ಮಾಡೆಲ್ ಡಾಟ್ ಮೇಟ್ರಿಕ್ಸ್‌ಗೆ ಎಫ್ ಮತ್ತು ಡೇಟಾ ಕೊಟ್ಟು ಕಾಲಂ ಎಣಿಸಿ. ಮೂರು ಏರಿಯಾ ಇದ್ದಾಗ 6 ಬರಬೇಕು. 4 ಬಂತಾ? ಏರಿಯಾ ಬದಲು 411038 ಥರ ಪಿನ್‌ಕೋಡ್ ಹಾಕಿದ್ದೀರಾ ನೋಡಿ. ಆರ್ ಅದನ್ನು ಬರೀ ಸಂಖ್ಯೆ ಅಂದುಕೊಳ್ಳುತ್ತದೆ. ಫ್ಯಾಕ್ಟರ್ ಮಾಡಿ, ಅಂದರೆ ಅದು ಸಂಖ್ಯೆಯಲ್ಲ, ಗುಂಪಿನ ಹೆಸರು ಎಂದು ತಿಳಿಸಿ, ಸರಿಹೋಗುತ್ತದೆ.

6 ಕಾಲಂನಲ್ಲಿ ಹಡಪ್ಸರ್ ಹೆಸರೇ ಇಲ್ಲ ಅಲ್ವಾ? ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಅದೇ ಮೊದಲು. ಹಾಗಾಗಿ ಉಳಿದೆರಡನ್ನು ಅದಕ್ಕೇ ಹೋಲಿಸಲಾಗುತ್ತದೆ. ಕೋಥ್ರೂಡ್‌ಗೆ ಹೋಲಿಸಬೇಕೆಂದಿದ್ದರೆ ಏರಿಯಾವನ್ನು ರೀಲೆವೆಲ್ ಮಾಡಿ (ಕೋಥ್ರೂಡ್ ಅನ್ನು ಮೊದಲಿಗೆ ತನ್ನಿ), ಆಮೇಲೆ ಎಲ್‌ಎಂ ಓಡಿಸಿ.